ಒಂದು ಸಾಲಿಗೆ ಮೂರು ಕೈ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಮೂರು ಸಲ ಚಹಾ ಆಯಿತು.

ಮೊದಲು ಎದ್ದವಳು ಸೊಸೆ. ಮೂರು ಲೋಟಕ್ಕೆ ಸೋಸಿ, ಮೇಲೆ ತಟ್ಟೆ ಮುಚ್ಚಿಟ್ಟು, ಮುಖ ತೊಳೆಯಲು ಹೋದಳು. ಅಷ್ಟರಲ್ಲಿ ಅತ್ತೆ ಎದ್ದು ಬಂದು, ಆ ತಟ್ಟೆಯನ್ನು ಎತ್ತಿಯೂ ನೋಡದೆ, ಇನ್ನೊಂದು ಪಾತ್ರೆಯಲ್ಲಿ ನೀರಿಟ್ಟರು. ಅತ್ತೆ ಕೊಟ್ಟಿಗೆಗೆ ಹೋದ ಮೇಲೆ ಮಾವ ಹಿತ್ತಲಿನಿಂದ ಬಂದರು. ಒಲೆಯ ಮುಂದೆ ಯಾರೂ ಇಲ್ಲದ್ದನ್ನು ಕಂಡು ತಾವೂ ಒಲೆ ಹಚ್ಚಿದರು. ಕೊನೆಗೆ ಮೇಜಿನ ಮೇಲೆ ಒಂಬತ್ತು ಲೋಟ ಸಾಲಾಗಿ ನಿಂತವು.

ಬೆಳಗಿನ ಚಹಾ ಆ ಮನೆಯಲ್ಲಿ ಮಗನ ಕೆಲಸವಾಗಿತ್ತು. ಅವನು ಮೂರೇ ದಿನದ ಜ್ವರದಲ್ಲಿ ತೀರಿಕೊಂಡಿದ್ದ. ಈಗ ಅವನ ಕೆಲಸವನ್ನು ಮೂವರೂ ಒಬ್ಬರಿಗೊಬ್ಬರು ಹೇಳದೆ ಕೈಗೆತ್ತಿಕೊಂಡಿದ್ದರು. ಹೇಳಬೇಕಾದರೆ ಅವನ ಹೆಸರು ಎತ್ತಬೇಕಿತ್ತು. ಅದು ಯಾರಿಂದಲೂ ಆಗದ ಮಾತು. ಮೂವರೂ ಮೂರು ಮೂರು ಲೋಟ ಕುಡಿದರು.

ಮೂರನೆಯ ಲೋಟದ ಹೊತ್ತಿಗೆ ಮಾವ ಹೊಲದ ಮಾತೆತ್ತಿದರು. ಮನೆಯ ಹಿಂದಿನ ತುಂಡು ನೆಲದಲ್ಲಿ ಹನ್ನೆರಡು ಸಾಲು ಟೊಮೆಟೊ ನಾಟಿಯಾಗಿ ಮೂರು ವಾರ ಕಳೆದಿತ್ತು. ನಾಟಿ ಮಾಡಿದವರು ಮಗ, ಸೊಸೆ ಇಬ್ಬರೇ.

"ಈ ಬೆಳೆ ಕೈಗೆ ಬಂದ್ರೆ ಹೊಲ ನಾವೇ ನೋಡ್ಕೊಳ್ಳೋಣ ಮಗಳೇ," ಎಂದರು ಮಾವ. "ಬರಲಿಲ್ಲ ಅಂದ್ರೆ ಗುತ್ತಿಗೆಗೆ ಕೊಟ್ಟುಬಿಡ್ತೀನಿ. ನೀನು ನಿಮ್ಮಮ್ಮನ ಹತ್ರ ಹೋಗಿ ಒಂದು ಕೆಲಸ ಹುಡುಕ್ಕೋ. ಚಿಕ್ಕವಳು, ಓದಿದವಳು. ಇದು ನಿನ್ನ ಓಡಿಸೋ ಮಾತಲ್ಲ, ತಿಳೀತಾ."

ಅದು ಓಡಿಸುವ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳುವಾಗ ಮಾವ ಲೋಟದ ತಳವನ್ನೇ ನೋಡುತ್ತಿದ್ದರು. ಆಗಲಿ ಎಂದಳು. ಮುಂದೆ ಏನು ಬೇಕು ಎಂಬುದು ಅವಳಿಗೇ ತಿಳಿದಿರಲಿಲ್ಲ. ಆ ಹನ್ನೆರಡು ಸಾಲು ಬೇರೆಯವರ ಕೈಗೆ ಹೋಗಬಾರದು ಎಂಬುದೊಂದು ಮಾತ್ರ ತಿಳಿದಿತ್ತು.

ಹೊಲಕ್ಕೆ ಹೋಗುವ ದಾರಿಯಲ್ಲಿ ಗಂಡ ಹಾಕಿದ್ದ ಗೊಬ್ಬರದ ಗುಡ್ಡೆ ಇತ್ತು. ಒಣಗಿದೆಲೆ, ಕಿತ್ತ ಕಳೆ, ಸಗಣಿ, ಅಡುಗೆಮನೆಯ ಸಿಪ್ಪೆ, ಮೇಲೆ ಹರಿದ ಗೋಣಿಚೀಲ. ಅದರ ನೆತ್ತಿಯಲ್ಲಿ ಒಂದು ಕಬ್ಬಿಣದ ಸಲಾಕೆ ನೆಟ್ಟಗೆ ನಿಂತಿತ್ತು. ಸಲಾಕೆ ಬೀದಿಯ ಕೊನೆಯ ಕಮ್ಮಾರನದು. ಗುಡ್ಡೆಯೊಳಗೆ ಎಷ್ಟು ಕಾವಿದೆ ಎಂದು ನೋಡಲು ಗಂಡ ಅದನ್ನು ಕೇಳಿ ತಂದಿದ್ದ. ಗುಡ್ಡೆ ತಣ್ಣಗಾದ ದಿನ ವಾಪಸ್ ಕೊಡುತ್ತೇನೆ ಎಂದು ಹೇಳಿದ್ದ. ಮಾವನಿಗೆ ಆ ಗುಡ್ಡೆ ಎಂದರೆ ತಮಾಷೆ. ಕಸಕ್ಕೂ ಜ್ವರ ನೋಡುವ ಡಾಕ್ಟರು ಎಂದು ಮಗನನ್ನು ಛೇಡಿಸುತ್ತಿದ್ದರು. ಈಗ ಅದರ ಪಕ್ಕದಲ್ಲಿ ಹಾದುಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದರು.

ಆ ವಾರ ಚಹಾಕ್ಕೆ ಆದದ್ದೇ ಹೊಲಕ್ಕೂ ಆಯಿತು.

ನಾಟಿಯಾದ ಮೂರು ವಾರಕ್ಕೆ ಗಿಡಕ್ಕೆ ಒಂದು ಸಲ ಗೊಬ್ಬರ ಕೊಡಬೇಕೆಂದು ಗಂಡ ಹೇಳಿದ್ದು ಸೊಸೆಗೆ ನೆನಪಿತ್ತು. ಮನೆಯಲ್ಲಿ ಯೂರಿಯಾ ಚೀಲವಿತ್ತು. ಅವನು ಅಳತೆಗೆಂದು ಇಟ್ಟುಕೊಂಡಿದ್ದ ಸೀಸೆಯ ಮುಚ್ಚಳವೂ ಅದರೊಳಗೇ ಇತ್ತು. ಬಿಸಿಲೇರುವ ಮುಂಚೆ ಹೋಗಿ ಗಿಡಕ್ಕೊಂದು ಮುಚ್ಚಳದಂತೆ ಬುಡಕ್ಕೆ ಸುರಿದು ಬಂದಳು. ಅದೇ ದಿನ ಸಂಜೆ, ಅವಳು ಬಟ್ಟೆ ಒಗೆಯುವಾಗ, ಮಾವ ಅದೇ ಚೀಲ ಹೆಗಲಿಗೇರಿಸಿಕೊಂಡು ಹೋದರು. ಮುಚ್ಚಳ ಗಿಚ್ಚಳ ಅವರಿಗೆ ಗೊತ್ತಿಲ್ಲ. ಹಿಡಿ ತುಂಬ ತೆಗೆದು ಗಿಡಕ್ಕೊಂದು ಹಿಡಿ ಹಾಕಿದರು. ಮಗ ಇಲ್ಲದ ಗಿಡ, ಕಡಿಮೆಯಾಗಬಾರದು ಎಂದು ಕೆಲವಕ್ಕೆ ಇನ್ನರ್ಧ ಹಿಡಿ. ಮರುದಿನ ಅತ್ತೆ ಕೊಟ್ಟಿಗೆಯ ಹಸಿ ಸಗಣಿಯನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಗಿಡದ ಕಾಂಡಕ್ಕೆ ಒತ್ತಿ ಬೊಗಸೆ ಬೊಗಸೆ ಇಟ್ಟು ಬಂದರು. ಚಳಿಯಲ್ಲಿ ಮಗುವಿಗೆ ಕಂಬಳಿ ಹೊದೆಸಿದ ಹಾಗೆ.

ಮನೆಯೊಳಗೂ ಅದೇ ಉಪಚಾರ. ಅತ್ತೆ ಅವಳಿಗೆ ಬಡಿಸಿ ಹೋದ ಮೇಲೆ ಮಾವ ಬಂದು ಇನ್ನಷ್ಟು ಬಡಿಸುತ್ತಿದ್ದರು. ತಟ್ಟೆ ತುಂಬಿದಷ್ಟೂ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅರ್ಧಕ್ಕರ್ಧ ಹಸುವಿನ ಬಾನಿಗೆ ಹೋಗುತ್ತಿತ್ತು. ಆ ವಾರ ಹಸು ಒಂದೇ ಚೆನ್ನಾಗಿ ತಿಂದಿತು.

ಐದನೆಯ ದಿನ ಟೊಮೆಟೊ ಎಲೆಗಳ ಅಂಚುಗಳು ಸುಟ್ಟ ಕಾಗದದಂತೆ ಕಂದಾದವು. ಏಳನೆಯ ದಿನಕ್ಕೆ ಗಿಡಗಳು ನೆಲ ತೇವವಿದ್ದರೂ ತಲೆ ಬಾಗಿಸಿದವು. ಸೊಸೆ ಸಾಲಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಅವಳು ವಿಶ್ವವಿದ್ಯಾಲಯದಲ್ಲಿ ಓದಿದ್ದು ಇತಿಹಾಸ. ಯಾವ ರಾಜ ಯಾವ ವರ್ಷ ಸತ್ತ ಎಂದು ಹೇಳಬಲ್ಲಳು. ಈ ಗಿಡ ಯಾಕೆ ಸಾಯುತ್ತಿದೆ ಎಂದು ಹೇಳಲಾರಳು.

"ಹಸಿವು," ಎಂದರು ಮಾವ. ಅವರ ಹೆಗಲ ಮೇಲೆ ಚೀಲ ಇದ್ದೇ ಇತ್ತು. "ಇನ್ನೊಂದು ಹಿಡಿ ಬಿದ್ರೆ ಎದ್ದು ನಿಲ್ಲುತ್ತೆ, ನೋಡ್ತಿರು."

ಅಷ್ಟರಲ್ಲಿ ಬೇಲಿಯ ಆಚೆ ಸ್ಕೂಟರ್ ನಿಂತಿತು. ಕೃಷಿ ಕಚೇರಿಯ ಸಹಾಯಕಿ. ಅವಳ ಸ್ಕೂಟರಿನ ಎರಡೂ ಬದಿಗೆ ಯಾವಾಗಲೂ ಮಣ್ಣು ತುಂಬಿದ ಪುಟ್ಟ ಬಟ್ಟೆಚೀಲಗಳು ನೇತಾಡುತ್ತಿರುತ್ತವೆ, ಒಂದೊಂದಕ್ಕೂ ಒಂದೊಂದು ಚೀಟಿ. ಹಾಗಾಗಿ ಸುತ್ತಮುತ್ತ ಎಲ್ಲರಿಗೂ ಅವಳು ಮಣ್ಣಕ್ಕ. ನಾಟಿಗೆ ಮುಂಚೆ ಗಂಡ ಅವಳ ಕೈಯಲ್ಲಿ ಹೊಲದ ಮಣ್ಣು ಪರೀಕ್ಷೆಗೆ ಕೊಟ್ಟಿದ್ದ. ಅದರ ಫಲಿತಾಂಶ ತಡವಾಗಿ ಬಂದಿತ್ತು. ಮಣ್ಣಕ್ಕ ಆ ಕಾಗದ ಹಿಡಿದುಕೊಂಡು, ಸಾವಿನ ಮನೆಯಲ್ಲಿ ಹೇಗೆ ಮಾತು ಶುರುಮಾಡುವುದು ಎಂದು ಯೋಚಿಸುತ್ತಾ ಬಂದವಳು, ಗಿಡ ಕಂಡದ್ದೇ ಅದನ್ನೆಲ್ಲ ಮರೆತಳು.

"ಯಜಮಾನ್ರೇ, ಆ ಚೀಲ ಮೊದ್ಲು ಕೆಳಗಿಡಿ. ಇದಕ್ಕೆ ಗೊಬ್ಬರ ಹಾಕಿದ್ದು ಯಾರು?"

"ನಾನು," ಎಂದರು ಮಾವ.

"ನಾನು," ಎಂದಳು ಸೊಸೆ, ಅದೇ ಉಸಿರಿಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೇಲಿಯ ಹತ್ತಿರ ಖಾಲಿ ಬುಟ್ಟಿ ಹಿಡಿದು ನಿಂತಿದ್ದ ಅತ್ತೆ ಸಣ್ಣ ದನಿಯಲ್ಲಿ ಹೇಳಿದರು. "ನಾನೂ ಒಂದೊಂದು ಬೊಗಸೆ ಇಟ್ಟೆ. ಅವನು ಹಾಕ್ಬೇಕು ಅಂತಿದ್ದ."

ಮಣ್ಣಕ್ಕ ನಗಲಿಲ್ಲ. ಬದುವಿನ ಮೇಲೆ ಕೂತಳು. ತೀರ ಬಾಡಿದ ಒಂದು ಗಿಡವನ್ನು ಮಣ್ಣಿನ ಸಮೇತ ಎತ್ತಿ ಮೂವರಿಗೂ ತೋರಿಸಿದಳು. ಬೆಳ್ಳಗಿರಬೇಕಾದ ಬೇರಿನ ತುದಿಗಳು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುತ್ತಿದ್ದವು. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿದರೆ ಅದು ನೀರು ಬಿಡುತ್ತದಲ್ಲ, ಬುಡದಲ್ಲಿ ಗೊಬ್ಬರ ಅತಿಯಾದರೆ ಬೇರಿಗೂ ಹಾಗೆಯೇ ಎಂದು ಬಿಡಿಸಿ ಹೇಳಿದಳು. ನೆಲದಲ್ಲಿ ನೀರಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಹಸಿ ಸಗಣಿಯ ಕಥೆ ಬೇರೆ. ಅದು ಕೊಳೆಯುವಾಗ ಕಾವು ಏಳುತ್ತದೆ. ಕಾಂಡಕ್ಕೆ ಒತ್ತಿ ಇಟ್ಟರೆ ಬೇರಿನ ಪಕ್ಕದಲ್ಲಿ ಒಲೆ ಹಚ್ಚಿದ ಹಾಗೆ. ಕಳೆಯ ಬೀಜ, ಹುಳ, ರೋಗ ಎಲ್ಲ ಅದರ ಬೆನ್ನಿಗೇ ಬರುತ್ತವೆ.

ಆಮೇಲೆ ಕೈಯಲ್ಲಿದ್ದ ಕಾಗದ ಓದಿದಳು. ಯೂರಿಯಾ ಕೊಡುವ ಸಾರಜನಕ ಈ ಮಣ್ಣಲ್ಲಿ ಮೊದಲೇ ಸಾಕಷ್ಟಿದೆ. ಕಡಿಮೆ ಇರುವುದು ಎರಡು, ಪೊಟ್ಯಾಶ್ ಮತ್ತು ಕೊಳೆತ ಸಾವಯವ ಗೊಬ್ಬರ. ಇದ್ದದ್ದನ್ನೇ ಮೂರು ಸಲ ಬಡಿಸಿದಿರಿ, ಇಲ್ಲದ್ದನ್ನು ಯಾರೂ ಬಡಿಸಲಿಲ್ಲ ಎಂದಳು.

ಮಾವನಿಗೆ ಅದು ರುಚಿಸಲಿಲ್ಲ. ಮಣ್ಣಿಗೆ ರಕ್ತಪರೀಕ್ಷೆ ಮಾಡಿಸದೆ ತಾವು ನಲವತ್ತು ವರ್ಷ ಬೆಳೆ ತೆಗೆದಿಲ್ಲವೇ ಎಂದು ಕೇಳಿದರು. "ಒಂದು ಹಿಡಿ ಹಾಕಿದ ನಾಲ್ಕು ದಿನಕ್ಕೆ ಎಲೆ ಕಪ್ಪಗೆ ಮಿಂಚುತ್ತೆ. ಕಣ್ಣಿಗೆ ಕಾಣೋದನ್ನ ಸುಳ್ಳು ಅಂತೀಯಾ?"

"ಸುಳ್ಳಲ್ಲ ಯಜಮಾನ್ರೇ. ಎಲೆ ಬೇಕು ಅಂದ್ರೆ ಅದೇ ಸರಿ. ನೀವು ಎಲೆ ಮಾರ್ತೀರಾ?"

ಮಾವ ಹೆಗಲ ಚೀಲ ಕೆಳಗಿಟ್ಟರು. ಕೊನೆಗೆ ಒಂದು ಒಪ್ಪಂದವಾಯಿತು. ಹತ್ತು ಸಾಲು ಸೊಸೆಯದು, ಮಣ್ಣಕ್ಕ ಹೇಳಿದ ಹಾಗೆ. ಬೇಲಿಯ ಕಡೆಯ ಎರಡು ಸಾಲು ಮಾವನದು, ಅವರ ಹಿಡಿಯ ಹಾಗೆ. ಸೋತವರು ಮುಂದೆ ಬಾಯಿ ಬಿಡಬಾರದು. ಅತ್ತೆಗೆ ಯಾವ ಸಾಲೂ ಸಿಗಲಿಲ್ಲ. ಹಾಗಾದರೆ ತಾನು ಎರಡೂ ಕಡೆಯ ತಪ್ಪು ಹುಡುಕುತ್ತೇನೆ ಎಂದರು.

ಮೊದಲ ಕೆಲಸ ಹನ್ನೆರಡು ಸಾಲಿನಲ್ಲೂ ಹಾಕಿದ್ದನ್ನು ತೆಗೆಯುವುದು. ಬುಡದಲ್ಲಿ ಕರಗದೆ ಉಳಿದಿದ್ದ ಬಿಳಿ ಹರಳನ್ನು ಮೇಲ್ಮಣ್ಣಿನ ಸಮೇತ ಕೆರೆದರು. ಹಸಿ ಸಗಣಿ ಬುಟ್ಟಿಗೆ ವಾಪಸ್ ಹೋಯಿತು. ಉಳಿದ ಉಪ್ಪಿನಂಶ ಬೇರಿನಿಂದ ಕೆಳಕ್ಕೆ ಇಳಿಯಲೆಂದು ಎರಡು ಬೆಳಿಗ್ಗೆ ನಿಧಾನವಾಗಿ, ಆಳಕ್ಕೆ ನೀರು ಬಿಟ್ಟರು. ಆಮೇಲೆ ಮೇಲ್ಮಣ್ಣು ಆರುವ ತನಕ ಒಂದು ಹನಿಯೂ ಇಲ್ಲ. ಮಾವ ಒಪ್ಪಂದ ಮರೆತವರಂತೆ ಹನ್ನೆರಡು ಸಾಲಿಗೂ ತಾವೇ ಪೈಪ್ ಎಳೆದು ಹಿಡಿದರು. ಸೊಸೆ ಬೇಡ ಎನ್ನಲಿಲ್ಲ.

ನೀರು ಬಿಟ್ಟ ಎರಡನೆಯ ದಿನ ಅವಳು ಗುಡ್ಡೆಯ ಹತ್ತಿರ ಹೋಗಿ ಸಲಾಕೆ ಹೊರಗೆಳೆದಳು. ಅಂಗೈಯಲ್ಲಿ ಹಿಡಿದು ನೋಡಿದಳು. ತಣ್ಣಗಿತ್ತು. ಹಾಗಾದರೆ ಗೊಬ್ಬರ ಆಗಿದೆ, ಹರಡಬಹುದು, ಸಲಾಕೆ ಕೊಟ್ಟುಬಿಡಬಹುದು ಎಂದುಕೊಂಡಳು. ಗಿಡ ನೋಡಲು ಬಂದಿದ್ದ ಮಣ್ಣಕ್ಕ ಗುದ್ದಲಿ ತಂದು ಗುಡ್ಡೆಯ ಒಂದು ಮಗ್ಗುಲು ಸೀಳಿದಳು. ಒಳಗೆ ಎಲೆಗಳು ಎಲೆಗಳಾಗಿಯೇ ಉಳಿದಿದ್ದವು, ಕಾಗದದಷ್ಟು ಒಣಗಿ.

"ಇದು ಆಗಿ ತಣ್ಣಗಾದದ್ದಲ್ಲ ತಂಗೀ," ಎಂದಳು. "ನೋಡೋರಿಲ್ಲದೆ, ನೀರಿಲ್ಲದೆ ನಿಂತುಬಿಟ್ಟಿದ್ದು. ಸತ್ತಿಲ್ಲ. ಅಡಿಯಲ್ಲಿ ಸ್ವಲ್ಪ ಆಗಿರುತ್ತೆ, ತೆಗೆದು ನೋಡೋಣ."

ಅಡಿಯಲ್ಲಿ ನಿಜವಾಗಿಯೂ ಒಂದು ಮೊಳದಷ್ಟು ಕಪ್ಪು ಗೊಬ್ಬರ ಸಿಕ್ಕಿತು. ಮುಟ್ಟಿದರೆ ಪುಡಿಪುಡಿ. ಸಗಣಿ ಯಾವುದು, ಎಲೆ ಯಾವುದು ಎಂದು ಹೇಳಲಾಗದಷ್ಟು ಒಂದಾಗಿತ್ತು. ಮಳೆ ಬಿದ್ದ ನೆಲದ ವಾಸನೆ. ಅದನ್ನು ಬೇರೆ ರಾಶಿ ಮಾಡಿದರು. ಉಳಿದದ್ದಕ್ಕೆ ಅತ್ತೆಯ ಹಸಿ ಸಗಣಿ, ಕಿತ್ತ ಹಸಿ ಕಳೆ ಸೇರಿಸಿ, ನೀರು ಚಿಮುಕಿಸುತ್ತಾ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಮತ್ತೆ ಒಟ್ಟಿದರು. ಹಿಡಿಯಲ್ಲಿ ಹಿಂಡಿದರೆ ಒದ್ದೆಬಟ್ಟೆಯಂತೆ ಒಂದೆರಡು ಹನಿ ಜಿನುಗಬೇಕು, ಅದಕ್ಕಿಂತ ಜಾಸ್ತಿ ಬೇಡ ಎಂದು ಮಣ್ಣಕ್ಕ ಪ್ರತಿ ಪದರಕ್ಕೂ ಹಿಂಡಿ ನೋಡಿದಳು. ಮೇಲೆ ಗೋಣಿಚೀಲ ಹೊದೆಸಿ, ಸಲಾಕೆಯನ್ನು ಮೊದಲಿದ್ದ ಕಡೆಯೇ ನೆಟ್ಟರು.

ನಾಲ್ಕನೆಯ ಬೆಳಿಗ್ಗೆ ಸೊಸೆ ಒಬ್ಬಳೇ ಹೋಗಿ ಅದನ್ನು ಹೊರಗೆಳೆದಳು. ತುದಿ ಹಬೆಯಾಡಿತು. ಅಂಗೈ ಇಟ್ಟಳು. ಈಗಷ್ಟೇ ಚಹಾ ಸೋಸಿದ ಲೋಟದಷ್ಟು ಬಿಸಿ. ಕೈ ಹಿಂದಕ್ಕೆ ತೆಗೆಯಲಿಲ್ಲ. ಇಷ್ಟು ದಿನ ಯಾರು ಮುಟ್ಟಿದರೂ, ಯಾರು ತಬ್ಬಿ ಅತ್ತರೂ ಅವಳ ಮೈಗೆ ಏನೂ ತಾಕಿರಲಿಲ್ಲ. ಆ ಕಾವು ಆರುವ ತನಕ ಸಲಾಕೆ ಹಿಡಿದು ಅಲ್ಲೇ ನಿಂತಿದ್ದಳು. ಅವತ್ತು ಮಧ್ಯಾಹ್ನ ಅವಳು ತಾನಾಗಿ ಎರಡನೆಯ ಸಲ ಬಡಿಸಿಕೊಂಡಳು. ಅತ್ತೆ, ಮಾವ ಇಬ್ಬರೂ ಕಂಡೂ ಕಾಣದವರಂತೆ ತಮ್ಮ ತಮ್ಮ ತಟ್ಟೆ ನೋಡಿಕೊಂಡರು.

ಮಣ್ಣಕ್ಕ ಹೇಳಿಕೊಟ್ಟ ಇನ್ನೊಂದು ವಿಷಯ ಗೊಬ್ಬರದ್ದಲ್ಲ, ಬಾಯಿಯದು. ಯಾರು ಯಾವ ಸಾಲಿಗೆ ಏನು ಕೊಟ್ಟರೂ ಉಳಿದವರಿಗೆ ಹೇಳಬೇಕು. ಹೇಳಲು ಆಗದಿದ್ದರೆ ಗುರುತಾದರೂ ಇಡಬೇಕು. ಇದಕ್ಕೆ ಅತ್ತೆ ಒಳಗೆ ಹೋಗಿ ಮಗನ ಚೌಕಳಿ ಟವೆಲ್ ತಂದರು. ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆಮೇಲೆ ಹಲ್ಲಿನಿಂದ ಅಂಚು ಕಚ್ಚಿ ಉದ್ದುದ್ದ ಪಟ್ಟಿ ಹರಿದರು. ಗೊಬ್ಬರ ಕೊಟ್ಟ ಸಾಲಿನ ತಲೆಗೆ ಒಂದು ಕೋಲು, ಕೋಲಿಗೆ ಒಂದು ಪಟ್ಟಿ. ಪಟ್ಟಿ ಇದ್ದರೆ ಆ ಸಾಲಿಗೆ ಇನ್ಯಾರೂ ಕೈ ಹಾಕುವ ಹಾಗಿಲ್ಲ.

"ಅವನಿದ್ದಿದ್ರೆ ಹೊಸ ಟವೆಲ್ ಹರಿದ್ರಿ ಅಂತ ರೇಗ್ತಿದ್ದ," ಎಂದರು ಅತ್ತೆ.

"ಹೊಸದಲ್ಲ ಅತ್ತೆ, ಎರಡು ವರ್ಷದ್ದು," ಎಂದಳು ಸೊಸೆ. "ಆದ್ರೂ ರೇಗ್ತಿದ್ರು."

ಸಾವಿನ ನಂತರ ಆ ಮನೆಯಲ್ಲಿ ಅವನ ಬಗ್ಗೆ ಒಬ್ಬರು ಆಡಿದ ಮಾತಿಗೆ ಇನ್ನೊಬ್ಬರು ಮಾತು ಸೇರಿಸಿದ್ದು ಅದೇ ಮೊದಲು. ಆ ಮೇಲೆ ಅಡುಗೆಮನೆಯ ಮೊಳೆಗೂ ಒಂದು ಪಟ್ಟಿ ಬಂತು. ಬೆಳಿಗ್ಗೆ ಚಹಾ ಇಟ್ಟವರು ಅದನ್ನು ನೇತುಹಾಕಬೇಕು. ಒಂಬತ್ತು ಲೋಟ ಮತ್ತೆ ಮೂರಕ್ಕೆ ಇಳಿಯಿತು.

ಹತ್ತು ಸಾಲಿನಲ್ಲಿ ಗಿಡಗಳು ಹೊಸ ಎಲೆ ಬಿಟ್ಟ ಮೇಲೆ ಆ ಕಪ್ಪು ಗೊಬ್ಬರವನ್ನು ಸಾಲಿನುದ್ದಕ್ಕೂ ಹರಡಿ ಮಣ್ಣಲ್ಲಿ ಬೆರೆಸಿದರು. ಹೂವಿನ ಹೊತ್ತಿಗೆ ಪೊಟ್ಯಾಶ್, ಒಂದೇ ಸಲಕ್ಕಲ್ಲ, ಎರಡು ಕಂತಿನಲ್ಲಿ. ಅಳತೆ ಮಣ್ಣಿನ ಕಾಗದದಲ್ಲಿ ಇದ್ದಷ್ಟೇ. ಕಾಂಡದಿಂದ ಒಂದು ಗೇಣು ದೂರ ಗೆರೆ ಎಳೆದು, ಅದರಲ್ಲಿ ಉದುರಿಸಿ, ಮಣ್ಣು ಮುಚ್ಚಿ, ನೀರು ಕೊಟ್ಟರು. ಎಲೆಯ ಮೇಲೆ ಒಂದು ಹರಳೂ ಬೀಳಲಿಲ್ಲ. ಗೊಬ್ಬರದ ಚೀಲ ಅಡುಗೆಮನೆಯ ಪಕ್ಕದ ಗೂಡಿನಿಂದ ಕೊಟ್ಟಿಗೆಯ ಅಟ್ಟಕ್ಕೆ ಹೋಯಿತು. ಅಳತೆಯ ಮುಚ್ಚಳವೂ ಅದರ ಜೊತೆಗೆ. ಬೆರಳಿಗೆ ತಾಕದಂತೆ ಕೈಗವಸು ಹಾಕಿಕೊಳ್ಳುವುದನ್ನು, ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದನ್ನು ಅತ್ತೆ ಪೊಲೀಸಿನವರಂತೆ ನಿಂತು ನೋಡಿಕೊಂಡರು.

ಬೇರು ಚೇತರಿಸಿಕೊಂಡ ಮೇಲೆ ಮತ್ತೆ ಒಂದೊಂದು ಹಿಡಿ ಯೂರಿಯಾ ತಿಂದ ಮಾವನ ಎರಡು ಸಾಲು ಮೊದಮೊದಲು ಎಲ್ಲರ ಬಾಯಿ ಮುಚ್ಚಿಸಿತು. ಗಿಡ ಎದೆಮಟ್ಟ, ಎಲೆ ಕಪ್ಪಗೆ, ಒಂದೊಂದು ಎಲೆ ಬೀಸಣಿಗೆಯಷ್ಟು. ಮಾವ ಬೀದಿಯಲ್ಲಿ ಹೋಗುವವರನ್ನು ಕರೆದು ತೋರಿಸಿದರು. ಆಮೇಲೆ ಹೂವು ಬಂದದ್ದು ಬಂದ ಹಾಗೇ ಉದುರಿತು. ಎಲೆಯ ಅಡಿಯಲ್ಲಿ ಸಸ್ಯಹೇನು ಕೂತಿತು. ಸೊಸೆಯ ಗಿಡ ಮೊಣಕಾಲಿಗಿಂತ ಸ್ವಲ್ಪ ಮೇಲೆ, ನೋಡಲು ಸಾಧಾರಣ. ಎಲೆ ಸರಿಸಿದರೆ ಗೊಂಚಲು ಗೊಂಚಲು ಕಾಯಿ.

ಮೊದಲ ಕೊಯ್ಲಿನ ದಿನ ಮಾವ ತಮ್ಮ ಸಾಲು ಎರಡು ಸಲ ಸುತ್ತಿ ಬಂದರು. ಬುಟ್ಟಿಯಲ್ಲಿ ಏಳು ಹಣ್ಣು.

"ನನ್ನ ಸಾಲು ನನ್ನ ಭಾವಮೈದುನನ ಹಾಗೆ," ಎಂದರು. "ಮೈ ಒಂದು ಬೆಳೆಸ್ಕೊಂಡಿದೆ."

"ನನ್ನ ತಮ್ಮನ ಸುದ್ದಿಗೆ ಬರಬೇಡಿ," ಎಂದರು ಅತ್ತೆ. ಹೇಳುತ್ತಾ ಹೇಳುತ್ತಾ ನಗು ತಡೆಯಲಾಗದೆ ಬುಟ್ಟಿ ಕೆಳಗಿಟ್ಟರು. ಸೊಸೆಯೂ ನಕ್ಕಳು. ನಕ್ಕಿದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

ಸಂಜೆ ಮಾವ ಹಿತ್ತಲ ಕಟ್ಟೆಯ ಮೇಲೆ ಅವಳ ಪಕ್ಕ ಬಂದು ಕೂತರು. ಗುತ್ತಿಗೆಯ ಮಾತು ಬರುತ್ತದೆಂದು ಅವಳು ಕಾದಳು. ಮಾವ ಗಂಟಲು ಸರಿಮಾಡಿಕೊಂಡು ಕೇಳಿದ್ದು ಬೇರೆ.

"ಮುಂದಿನ ಬೆಳೆಗೆ ಮಣ್ಣು ಯಾವಾಗ ಕೊಟ್ಟು ಕಳಿಸ್ಬೇಕು ಮಗಳೇ? ಈ ಸಲ ತಡ ಆಗೋದು ಬೇಡ."

ಇಷ್ಟು ಓದಿದ ಮೇಲೆ ನಿಮ್ಮ ಹೊಲದ ಕಡೆಯೂ, ಹಿತ್ತಲ ನಾಲ್ಕು ಗಿಡದ ಕಡೆಯೂ ಒಮ್ಮೆ ಹೋಗಿ ಬನ್ನಿ. ಎಲೆ ಬಾಡಿದ್ದರೆ ಚೀಲಕ್ಕೆ ಕೈ ಹಾಕುವ ಮುಂಚೆ, ಮನೆಯಲ್ಲಿ ಯಾರು ಏನು ಹಾಕಿದ್ದಾರೆ ಎಂದು ಕೇಳಿ. ಮಣ್ಣು ಪರೀಕ್ಷೆ ಮಾಡಿಸಿ, ಇಲ್ಲದ್ದನ್ನು ಮಾತ್ರ ಕೊಡಿ, ಅದನ್ನೂ ಅಳೆದು, ಕಂತಿನಲ್ಲಿ, ಕಾಂಡದಿಂದ ದೂರ. ಹಸಿ ಸಗಣಿ ಗಿಡದ ಬುಡಕ್ಕಲ್ಲ, ಗುಡ್ಡೆಗೆ. ಗುಡ್ಡೆ ತಣ್ಣಗಾದರೆ ಒಳಗೆ ತೇವವಿದೆಯೇ ನೋಡಿ. ನೀರು ಕೊಟ್ಟು, ಮಗುಚಿ ಹಾಕಿದ ಮೇಲೂ ಬಿಸಿಯೇರದೆ, ಮಣ್ಣಿನ ವಾಸನೆ ಬಂದರೆ ಆಗ ಅದು ಗೊಬ್ಬರ. ಪ್ರೀತಿ ಎಷ್ಟಿದ್ದರೂ ಗಿಡಕ್ಕೆ ಅದರ ಹೊಟ್ಟೆಯಷ್ಟೇ ಕೊಡಿ. ನಿಮ್ಮ ಊರಿನ ಕೃಷಿ ಕಚೇರಿಯಲ್ಲೂ ಒಬ್ಬ ಮಣ್ಣಕ್ಕ ಇದ್ದಾಳೆ. ಮುಂದಿನ ನಾಟಿಗೆ ಮುಂಚೆ ಒಂದು ಚೀಲ ಮಣ್ಣು ಅವಳ ಕೈಗೆ ಕೊಡಿ.

ಸಲಾಕೆಯ ಮಾತು ಒಂದು ಬಾಕಿ ಇದೆ.

ಸೊಸೆ ಎರಡು ವಾರಕ್ಕೊಮ್ಮೆ ಗುಡ್ಡೆ ಮಗುಚಿದಳು. ಪ್ರತಿ ಸಲ ಸಲಾಕೆ ಹಿಂದಿನ ಸಲಕ್ಕಿಂತ ಒಂದಿಷ್ಟು ಕಡಿಮೆ ಬಿಸಿಯಾಗಿ ಬಂತು. ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ನೀರು ಕೊಟ್ಟು ಮಗುಚಿ ವಾರವಾದ ಮೇಲೂ, ಅದು ನೆರಳಿನಲ್ಲಿಟ್ಟ ಕಬ್ಬಿಣದಷ್ಟೇ ತಣ್ಣಗಿತ್ತು. ಗುದ್ದಲಿ ಹಾಕಿ ಅಡಿಯ ತನಕ ನೋಡಿದಳು. ಎಲ್ಲ ಕಪ್ಪು, ಎಲ್ಲ ಒಂದೇ. ಸಲಾಕೆಯನ್ನು ತೊಳೆದು, ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಬೀದಿಯ ಕೊನೆಗೆ ಹೊತ್ತುಕೊಂಡು ಹೋದಳು.

ಕಮ್ಮಾರ ಕುಲುಮೆಯ ಮುಂದೆ ಕೂತಿದ್ದ. ಸಲಾಕೆ ಕಂಡು ಎದ್ದು ನಿಂತ.

"ಇಟ್ಕೋ ತಂಗೀ. ಅವನ ಕೈ ಆಡಿದ್ದು. ನಾನೇನು ಕೇಳಿದ್ನಾ?"

"ಬೇಡಣ್ಣ. ಗುಡ್ಡೆ ತಣ್ಣಗಾದ ದಿನ ಕೊಡ್ತೀನಿ ಅಂದಿದ್ರು. ಇವತ್ತು ತಣ್ಣಗಾಯ್ತು."

ಕಮ್ಮಾರ ಸಲಾಕೆಯನ್ನು ತೆಗೆದುಕೊಂಡು, ತುದಿಯಿಂದ ತುದಿಗೆ ಅಂಗೈ ಸವರಿ, ಗೋಡೆಯ ಮೂಲೆಯಲ್ಲಿ ನಿಲ್ಲಿಸಿದ. ಅಷ್ಟು ತಿಂಗಳಿಂದ ಆ ಮೂಲೆಗೆ ಅವನು ಬೇರೇನನ್ನೂ ಒರಗಿಸಿರಲಿಲ್ಲ. ಹೊಲದಲ್ಲಿ ಮುಂದೇನು ಎಂದು ಕೇಳಿದ. ಬೆಳಿಗ್ಗೆಯೇ ಮಾವ ಎಲೆ ಗುಡಿಸಿ ರಾಶಿ ಹಾಕಿದ್ದಾರೆ, ಅತ್ತೆ ಸಗಣಿ ತರುತ್ತಿದ್ದಾರೆ, ನಾಳೆ ಹೊಸ ಗುಡ್ಡೆ ಏಳುತ್ತದೆ ಎಂದು ಅವಳು ಹೇಳಿದಳು.

"ಹಾಗಾದ್ರೆ ಇದನ್ನ ಯಾಕೆ ತಂದೆ, ನಾಳೆ ಮತ್ತೆ ಬೇಕಲ್ಲ?"

"ಇದು ಅವರು ಕೇಳಿ ತಗೊಂಡಿದ್ದು," ಎಂದಳು. "ನಾಳೆ ಬಂದು ನಾನು ಕೇಳ್ತೀನಿ."